ಗಾಡಿ ಹೆದ್ದಾರಿಯಲ್ಲಿ, ಲೆಕ್ಕ ಶಾಲೆಯಂಗಳದಲ್ಲಿ: ಬೆಂಗಳೂರು–ದೆಹಲಿ ಪ್ರಯಾಣವನ್ನು ಶಾಲಾ ಮಕ್ಕಳೊಂದಿಗೆ ಹಂಚಿಕೊಳ್ಳುವ ಸಮಗ್ರ ಮಾರ್ಗದರ್ಶಿ

ದೂರದ ಊರಿಗೆ ಗಾಡಿ ತೆಗೆದವರು ಶಾಲೆಯ ಮಕ್ಕಳಿಗೂ ದಾರಿ ತೋರಿಸೋಣ ಅಂದುಕೊಂಡಾಗ ಮೊದಲು ಮಾಡುವುದು ಒಂದು ವಾಟ್ಸಾಪ್ ಗ್ರೂಪ್. ಮೊದಲ ದಿನ ಅರವತ್ತು ಫೋಟೋ ಬೀಳುತ್ತವೆ, ಮರುದಿನ ಇಪ್ಪತ್ತು, ಮೂರನೇ ದಿನಕ್ಕೆ ಊಟದ ತಟ್ಟೆಯ ಫೋಟೋ ಒಂದೇ. ಅಷ್ಟರಲ್ಲಿ ಮಕ್ಕಳು ನೋಡುವುದನ್ನೇ ಬಿಟ್ಟಿರುತ್ತಾರೆ. ಅವರಿಗೆ ಅಲ್ಲಿ ಮಾಡಲು ಕೆಲಸವೇ ಇಲ್ಲವಲ್ಲ! ಅರ್ಧ ಅಳತೆ ಗಾಡಿಯವರದ್ದು, ಇನ್ನರ್ಧ ಶಾಲೆಯ ಅಂಗಳದಲ್ಲಿ ಆಗಬೇಕಾದದ್ದು, ಎರಡೂ ಕೂಡದೆ ಉತ್ತರ ಬರುವುದಿಲ್ಲ ಎಂಬಂತೆ ಕೆಲಸ ಹಂಚಿ. ಹನ್ನೆರಡನೇ ದಿನವೂ ಅವರು ನಿಮ್ಮ ಸುದ್ದಿಗೆ ಕಾಯುತ್ತಾರೆ.

ಇಂಥ ಕೆಲಸಕ್ಕೆ ಬೆಂಗಳೂರಿನವರಿಗೆ ಹೇಳಿ ಮಾಡಿಸಿದ ರಸ್ತೆಯೊಂದು ಮನೆ ಬಾಗಿಲಲ್ಲೇ ಇದೆ. ಹೆಬ್ಬಾಳ ದಾಟಿ ದೇವನಹಳ್ಳಿ, ಚಿಕ್ಕಬಳ್ಳಾಪುರ, ಬಾಗೇಪಲ್ಲಿ ಹಿಡಿದರೆ ರಾಷ್ಟ್ರೀಯ ಹೆದ್ದಾರಿ 44 ಕರ್ನೂಲು, ಹೈದರಾಬಾದ್, ನಾಗಪುರ, ಝಾನ್ಸಿ, ಆಗ್ರಾ ಮೂಲಕ ದೆಹಲಿಗೆ ಒಯ್ಯುತ್ತದೆ. ಸುಮಾರು 2,150 ಕಿ.ಮೀ. ನಕ್ಷೆ ಬಿಡಿಸಿ ನೋಡಿ: ಬೆಂಗಳೂರಿನ ರೇಖಾಂಶ 77.6 ಡಿಗ್ರಿ, ಹೈದರಾಬಾದಿನದು 78.5, ನಾಗಪುರದ್ದು 79.1, ಆಗ್ರಾದ್ದು 78, ದೆಹಲಿಯದು 77.2. ಇಷ್ಟು ಉದ್ದದ ರಸ್ತೆ ಪೂರ್ವಕ್ಕೂ ಪಶ್ಚಿಮಕ್ಕೂ ಹೆಚ್ಚು ವಾಲದೆ ಒಂದೇ ರೇಖಾಂಶದ ಆಸುಪಾಸಿನಲ್ಲಿ ಉತ್ತರಕ್ಕೆ ಏರುತ್ತದೆ. ಹೀಗಾಗಿ ದಾರಿಯುದ್ದಕ್ಕೂ ನಡುಹಗಲು ಶಾಲೆಯ ನಡುಹಗಲಿನ ಹತ್ತಿರದಲ್ಲೇ ಆಗುತ್ತದೆ, ಹೆಚ್ಚೆಂದರೆ ಎಂಟು ನಿಮಿಷದ ಅಂತರ. ನಡುಹಗಲ ನೆರಳು ನೋಡಿ ಭೂಮಿಯ ಸುತ್ತಳತೆಯನ್ನು ಏಳನೇ ತರಗತಿಯ ಮಕ್ಕಳೇ ಅಳೆಯಲು ಇದಕ್ಕಿಂತ ಅನುಕೂಲದ ದಾರಿ ಸಿಗುವುದು ಕಷ್ಟ.

ಈ ಗೆರೆಯ ಬೆಲೆ ತಿಳಿದವರು ನಮಗಿಂತ ಮುಂಚೆಯೇ ಇದ್ದರು. ಬ್ರಿಟಿಷ್ ಸೇನಾಧಿಕಾರಿ ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದ್ರಾಸಿನಲ್ಲಿ ಆರಂಭಿಸಿದ, ತ್ರಿಕೋನಗಳ ಜಾಲ ಹೆಣೆದು ದೇಶವನ್ನು ಅಳೆದ ಮಹಾ ತ್ರಿಕೋನಮಿತೀಯ ಸರ್ವೆ 1804ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆಯೊಂದನ್ನು ಅಳೆಯಿತು. ಆಮೇಲೆ 78 ಡಿಗ್ರಿ ರೇಖಾಂಶದ ಗುಂಟ ಉತ್ತರಕ್ಕೆ ಸಾಗಿತು. ಲ್ಯಾಂಬ್ಟನ್ ತೀರಿಕೊಂಡದ್ದು 1823ರಲ್ಲಿ, ನಾಗಪುರಕ್ಕೆ ಮುನ್ನ ಇದೇ ಹೆದ್ದಾರಿಯಲ್ಲಿ ಸಿಗುವ ಹಿಂಗನಘಾಟಿನಲ್ಲಿ. ಅವರ ಸಮಾಧಿಯೂ ಅಲ್ಲೇ ಇದೆ.

ಯಾವಾಗ, ಯಾವ ವಾರ

ನವೆಂಬರ್ ಮೂರನೇ ವಾರದಿಂದ ಡಿಸೆಂಬರ್ ಹತ್ತರೊಳಗೆ ಹೊರಡಿ. ದಸರಾ ರಜೆಯಲ್ಲಿ ಪ್ರಯಾಣ ಮಾಡುವುದು ನಿಮಗೆ ಸಲೀಸು, ಆದರೆ ಆಗ ತರಗತಿ ಖಾಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ, ನೆರಳೇ ಬೀಳದು. ಡಿಸೆಂಬರ್ ಕೊನೆಯಿಂದ ಜನವರಿಯುದ್ದಕ್ಕೂ ಗ್ವಾಲಿಯರ್‌ನಿಂದಾಚೆ ಮಂಜು ಕವಿದು, ಬೆಳಿಗ್ಗೆ ಹತ್ತಾದರೂ ಮುಂದಿನ ಲಾರಿಯ ಹಿಂಬದಿ ದೀಪ ಕಾಣಿಸುವುದಿಲ್ಲ.

ಹೊರಡುವ ವಾರ ಬುಧವಾರವಾಗಲಿ. ಶನಿವಾರ ಬೆಳಗಿನ ಶಾಲೆ, ನಡುಹಗಲಿಗೆ ಮಕ್ಕಳು ಮನೆ ಸೇರಿರುತ್ತಾರೆ. ಭಾನುವಾರದ ಮಾತೇ ಇಲ್ಲ. ಮುಖ್ಯ ಅಳತೆ ನಡೆಯುವ ನಾಗಪುರ ಸೋಮವಾರಕ್ಕೆ ಬೀಳಬೇಕೆಂದರೆ ಬುಧವಾರವೇ ಹೊರಡಬೇಕು. ಬುಧವಾರ ಕರ್ನೂಲು (ಸುಮಾರು 360 ಕಿ.ಮೀ.), ಗುರುವಾರ ಹೈದರಾಬಾದ್ (215), ಶುಕ್ರವಾರ ಅಲ್ಲೇ ಠಿಕಾಣಿ. ಶುಕ್ರವಾರ ಸಾಲಾರ್ ಜಂಗ್ ಮ್ಯೂಸಿಯಂಗೆ ರಜೆ, ಗೋಲ್ಕೊಂಡ ನೋಡಿದರೆ ಸಾಕು. ಶನಿವಾರ ಆದಿಲಾಬಾದ್, ಭಾನುವಾರ ಹಿಂಗನಘಾಟಿನ ಮೇಲೆ ಹಾದು ನಾಗಪುರ, ಸೋಮವಾರ ಅಲ್ಲೇ. ಮಂಗಳವಾರ ಸಿವನಿ, ಬುಧವಾರ ಮಧ್ಯಪ್ರದೇಶದ ಸಾಗರ, ಗುರುವಾರ ಝಾನ್ಸಿ, ಶುಕ್ರವಾರ ಗ್ವಾಲಿಯರ್, ಶನಿವಾರ ಆಗ್ರಾ, ಭಾನುವಾರ ದೆಹಲಿ. ಮೊದಲ ದಿನವೊಂದನ್ನು ಬಿಟ್ಟರೆ ಯಾವ ದಿನವೂ ಮುನ್ನೂರು ಕಿಲೋಮೀಟರಿನ ಆಸುಪಾಸು ಮೀರಬೇಡಿ. ಐನೂರು ಓಡಿಸಿದ ದಿನ ಮಕ್ಕಳಿಗೆ ಹೇಳಲು ನಿಮ್ಮಲ್ಲಿ ಟೋಲ್ ಗೇಟುಗಳನ್ನು ಬಿಟ್ಟು ಬೇರೇನೂ ಇರುವುದಿಲ್ಲ.

ಹೊರಡುವ ಮುನ್ನ ಶಾಲೆಯಲ್ಲಿ

ಆರು ಅಥವಾ ಏಳನೇ ತರಗತಿ ಸೂಕ್ತ. ಅನುಪಾತ, ಕೋನಮಾಪಕ, ಅಕ್ಷಾಂಶ ಮೂರೂ ಅವರ ಪಾಠದಲ್ಲೇ ಬರುತ್ತವೆ. ಮೂರು ವಾರ ಮುಂಚೆ ಮುಖ್ಯೋಪಾಧ್ಯಾಯರನ್ನು ಕಂಡು ಒಂದು ಪುಟದ ಯೋಜನೆ ಕೊಡಿ. ಸರ್ಕಾರಿ ಶಾಲೆಯಾದರೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲೂ ಹೇಳಿಸಿ. ದಿನಕ್ಕೆ ಒಂದು ಪೀರಿಯಡ್‌ಗಿಂತ ಹೆಚ್ಚು ಕೇಳಬೇಡಿ. ತರಗತಿಯ ಮೇಷ್ಟ್ರಿಗೋ ಟೀಚರಿಗೋ ಇದು ತಲೆಯ ಮೇಲಿನ ಹೊರೆ ಅನ್ನಿಸಿದ ದಿನ ನಿಮ್ಮ ಯೋಜನೆ ನಿಂತಂತೆ.

ಗೋಡೆಗೆ ಪಟ್ಟಿ ನಕ್ಷೆ ಬೇಕು. ಪುಸ್ತಕಕ್ಕೆ ಹಾಕುವ ಖಾಕಿ ಕಾಗದದ ಸುರುಳಿ ತಂದು ಉದ್ದಕ್ಕೆ ಅಂಟಿಸಿ, ದಕ್ಷಿಣ ಕೆಳಗೆ, ಉತ್ತರ ಮೇಲೆ. ಒಂದು ಸೆಂಟಿಮೀಟರಿಗೆ ಹತ್ತು ಕಿಲೋಮೀಟರ್ ಎಂದು ಲೆಕ್ಕ ಹಾಕಲು ಕೈ ತುರಿಸುತ್ತದೆ; ಹಾಗೆ ಮಾಡಿದರೆ ನಕ್ಷೆ 215 ಸೆಂ.ಮೀ. ಆಗಿ ದೆಹಲಿ ಮಕ್ಕಳ ಕೈಗೆ ಎಟುಕುವುದಿಲ್ಲ. ಹದಿನೈದು ಕಿ.ಮೀ.ಗೆ ಒಂದು ಸೆಂ.ಮೀ. ಇಟ್ಟುಕೊಂಡರೆ 143 ಸೆಂ.ಮೀ. ನೆಲದಿಂದ ಒಂದಡಿ ಮೇಲೆ ಶುರು ಮಾಡಿದರೂ ದೆಹಲಿಯಲ್ಲಿ ಪಿನ್ನು ಚುಚ್ಚಲು ಹನ್ನೆರಡರ ಹುಡುಗಿಗೆ ಬೆಂಚು ಬೇಕಾಗುವುದಿಲ್ಲ. ಇದರ ಪಕ್ಕದಲ್ಲಿ ಮಾಮೂಲಿ ಭಾರತದ ನಕ್ಷೆಯೊಂದು ಇರಲಿ.

ಮಕ್ಕಳನ್ನು ಐದು ಗುಂಪು ಮಾಡಿ: ನೆರಳು, ನದಿ, ಅಂಚೆ, ಲಿಪಿ, ಲೆಕ್ಕ. ಪ್ರತಿ ಗುಂಪೂ ನಿಮಗೆ ಒಂದು ಕೆಲಸ ಹೇಳುವ ಹಕ್ಕುಳ್ಳದ್ದು: ‘ಕರ್ನೂಲಿನಲ್ಲಿ ಹತ್ತು ನಿಮಿಷ ನಿಂತು ಕೆಎ ಗಾಡಿ ಎಷ್ಟು ಎಣಿಸಿ’, ‘ಸಿವನಿಯ ಅಂಗಡಿ ಬೋರ್ಡಿನಲ್ಲಿ ಳ ಅಕ್ಷರ ಇದೆಯಾ ನೋಡಿ’. ಕೇಳಿದ್ದಕ್ಕೆ ಮರುದಿನ ಪ್ರಾರ್ಥನೆಯ ಹೊತ್ತಿಗೆ ಉತ್ತರ ಮುಟ್ಟಬೇಕು. ಎರಡು ದಿನ ತಡವಾದರೆ ಕೇಳಿದವರಿಗೇ ಪ್ರಶ್ನೆ ಮರೆತಿರುತ್ತದೆ.

ಮಕ್ಕಳೇ ಮುಚ್ಚಿದ ಬಾಟಲಿ

ಹೊರಡುವ ದಿನ ಬೆಳಿಗ್ಗೆ ಒಂಬತ್ತೂವರೆಗೆ ಶಾಲೆಗೆ ಹೋಗಿ. ನೀರು ಕುಡಿದು ಬಿಸಾಡುವಂಥ ತೆಳು ಪ್ಲಾಸ್ಟಿಕ್ಕಿನ ಒಂದು ಲೀಟರ್ ಬಾಟಲಿಯನ್ನು ಒಣಗಿಸಿ ಮಕ್ಕಳ ಕೈಗೆ ಕೊಡಿ. ಅವರೇ ಬಿಗಿಯಾಗಿ ಮುಚ್ಚಳ ಹಾಕಿ, ಮೇಲೆ ಟೇಪು ಸುತ್ತಿ, ಹೆಸರು ಬರೆಯಲಿ. ಅದರೊಳಗೆ ಈಗ ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನ ಗಾಳಿ ಇದೆ. ಕರ್ನೂಲು ಸುಮಾರು 280 ಮೀಟರಿನಲ್ಲಿದೆ, ಅಲ್ಲಿ ಗಾಳಿಯ ಒತ್ತಡ ಹೆಚ್ಚುಕಡಿಮೆ ಶೇ 7ರಿಂದ 8ರಷ್ಟು ಜಾಸ್ತಿ. ಅದು ಹೊರಗಿನಿಂದ ಒತ್ತಿ ಬಾಟಲಿಯ ಪಕ್ಕೆ ಒಳಕ್ಕೆ ಸೇದಿಹೋಗುತ್ತದೆ.

ಇಲ್ಲಿ ಸಾಮಾನ್ಯವಾಗಿ ಆಗುವ ಎಡವಟ್ಟು: ಸಂಜೆ ಗಾಡಿಯಿಂದ ಬಾಟಲಿ ತೆಗೆದರೆ ಏನೂ ಆಗಿರುವುದಿಲ್ಲ. ಬಿಸಿಲಲ್ಲಿ ನಿಂತ ಗಾಡಿಯೊಳಗೆ ಗಾಳಿ ಕಾದು ಹಿಗ್ಗಿ, ಸೊಟ್ಟವನ್ನು ಮುಚ್ಚಿಹಾಕಿರುತ್ತದೆ. ರಾತ್ರಿ ಕೋಣೆಯಲ್ಲಿಟ್ಟು, ಬೆಳಿಗ್ಗೆ ಶಾಲೆಯಲ್ಲಿ ಮುಚ್ಚಿದಾಗಿನಷ್ಟೇ ತಂಪಿರುವ ಹೊತ್ತಿಗೆ ಫೋಟೋ ತೆಗೆಯಿರಿ. ಮುಚ್ಚಳ ಬಿಚ್ಚಬೇಡಿ. ಹೈದರಾಬಾದಿನಲ್ಲಿ (ಸುಮಾರು 540 ಮೀಟರ್) ಅದೇ ಬಾಟಲಿ ಕೊಂಚ ಉಬ್ಬಿಕೊಳ್ಳುತ್ತದೆ, ನಾಗಪುರದಲ್ಲಿ (310) ಮತ್ತೆ ಸೊಟ್ಟ, ಆಗ್ರಾದಲ್ಲಿ (170) ಇನ್ನೂ ಸೊಟ್ಟ. ಫೋಟೋಗಳನ್ನಷ್ಟೇ ಕಳಿಸಿ, ಊರಿನ ಹೆಸರು ಹೇಳಬೇಡಿ. ಯಾವ ಫೋಟೋ ಯಾವ ಊರಿನದೆಂದು ಮಕ್ಕಳು ಎತ್ತರದ ಪಟ್ಟಿ ನೋಡಿ ಜೋಡಿಸಲಿ.

ನಡುಹಗಲ ನೆರಳು

ಇದು ಇಡೀ ಪ್ರಯಾಣದ ಬೆನ್ನೆಲುಬು. ಉಳಿದ ಎಲ್ಲ ಕೈಬಿಟ್ಟರೂ ಇದನ್ನು ಬಿಡಬೇಡಿ.

ಎರಡು ಒಂದೇ ತರದ ಕೋಲು ಮಾಡಿ, ಒಂದು ಶಾಲೆಗೆ, ಇನ್ನೊಂದು ಗಾಡಿಗೆ. ಮುಕ್ಕಾಲು ಇಂಚಿನ ಪಿವಿಸಿ ಪೈಪು ಸಾಕು. ಹಳೆಯ ಪೇಂಟ್ ಡಬ್ಬಿಗೆ ಮರಳು ತುಂಬಿ ಅದರಲ್ಲಿ ನೆಟ್ಟಗೆ ನಿಲ್ಲಿಸಿ. ಪೈಪಿನ ತುದಿಗೆ ಒಂದು ರಟ್ಟು ಅಂಟಿಸಿ, ಅದರಲ್ಲಿ ಐದು ಮಿಲಿಮೀಟರಿನ ತೂತು ಮಾಡಿ. ಬರೀ ಕೋಲಿನ ತುದಿಯ ನೆರಳು ಮಸುಕಾಗಿ ಹರಡಿಕೊಂಡು ಎಲ್ಲಿ ಮುಗಿಯುತ್ತದೆಂದು ಗೊತ್ತಾಗುವುದಿಲ್ಲ. ತೂತಿನಿಂದ ಬೀಳುವ ಬೆಳಕಿನ ಚುಕ್ಕಿಗಾದರೆ ನಡುಮಧ್ಯ ಗುರುತಿಸಬಹುದು. ನೆಲದಿಂದ ಆ ತೂತಿನವರೆಗೆ ಸರಿಯಾಗಿ 100 ಸೆಂ.ಮೀ. ಇರಬೇಕು. ತೂತಿನಿಂದ ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು, ಕಲ್ಲು ನೆಲಕ್ಕೆ ತಾಗುವ ಜಾಗಕ್ಕೆ ಗುರುತು ಹಾಕಿ. ನೆರಳನ್ನು ಅಳೆಯಬೇಕಾದದ್ದು ಈ ಗುರುತಿನಿಂದ. ಡಬ್ಬಿಯ ಅಂಚಿನಿಂದ ಅಳೆದು ಹತ್ತು ಸೆಂಟಿಮೀಟರ್ ಕಳೆದುಕೊಳ್ಳುವವರೇ ಹೆಚ್ಚು.

ಡಿಸೆಂಬರ್ 1ರ ಸುಮಾರಿಗೆ ಬೆಂಗಳೂರಿನಲ್ಲಿ ಸೂರ್ಯ ಆ ದಿನದ ಅತಿ ಎತ್ತರ ಮುಟ್ಟುವುದು 12 ಗಂಟೆ 9 ನಿಮಿಷದ ಹೊತ್ತಿಗೆ, ನಾಗಪುರದಲ್ಲಿ 12 ಗಂಟೆ 3 ನಿಮಿಷಕ್ಕೆ. ಗಡಿಯಾರವನ್ನು ನೆಚ್ಚಿಕೊಳ್ಳುವ ಅಗತ್ಯವಿಲ್ಲ. ಎರಡೂ ಕಡೆ 11.45ರಿಂದ 12.25ರವರೆಗೆ ಮೂರು ನಿಮಿಷಕ್ಕೊಮ್ಮೆ ಚುಕ್ಕಿಯ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕುತ್ತಾ ಹೋಗಿ. ಅತಿ ಗಿಡ್ಡ ನೆರಳೇ ನಡುಹಗಲಿನದು. ಅಷ್ಟರಲ್ಲಿ ಬಿಸಿಯೂಟದ ಹೊತ್ತೂ ಹತ್ತಿರವಾಗಿರುತ್ತದೆ, ಪೀರಿಯಡ್ ಹಾಳಾಗದು.

ಸರಿಯಾಗಿ ಅಳೆದರೆ ಶಾಲೆಯಲ್ಲಿ ಸುಮಾರು 69 ಸೆಂ.ಮೀ., ನಾಗಪುರದಲ್ಲಿ ಸುಮಾರು 93 ಸೆಂ.ಮೀ. ಬರಬೇಕು. ಮಕ್ಕಳಿಗೆ ತ್ರಿಕೋನಮಿತಿ ಗೊತ್ತಿಲ್ಲದಿದ್ದರೂ ತೊಂದರೆಯಿಲ್ಲ. ಐದರಲ್ಲೊಂದು ಪಾಲು ಅಳತೆಗೆ ಇಳಿಸಿ, 20 ಸೆಂ.ಮೀ. ಎತ್ತರದ ಲಂಬಗೆರೆ, ಅದರ ಬುಡದಿಂದ 13.8 ಸೆಂ.ಮೀ.ನ ಅಡ್ಡಗೆರೆ ಎಳೆದು, ತುದಿಗಳನ್ನು ಸೇರಿಸಿ, ಮೇಲಿನ ಮೂಲೆಗೆ ಕೋನಮಾಪಕ ಇಟ್ಟರೆ ಮೂವತ್ತೈದರ ಹತ್ತಿರ ಬರುತ್ತದೆ. ನಾಗಪುರದ 18.6 ಸೆಂ.ಮೀ.ಗೆ ನಲವತ್ಮೂರು. ವ್ಯತ್ಯಾಸ 8 ಡಿಗ್ರಿ, ಅಂದರೆ ಪೂರ್ತಿ ವೃತ್ತದ ನಲವತ್ತೈದರಲ್ಲೊಂದು ಪಾಲು.

ಈಗ ಎರಡು ಊರುಗಳ ದೂರ; ಅದೂ ಭೂಮಿಯ ಸುತ್ತಳತೆಯ ನಲವತ್ತೈದರಲ್ಲೊಂದು ಪಾಲು. ಮಕ್ಕಳು ತಟ್ಟನೆ ಗಾಡಿಯ ಮೀಟರಿನ ಲೆಕ್ಕ ತೆಗೆದುಕೊಳ್ಳುತ್ತಾರೆ, ಸುಮಾರು 1,080 ಕಿ.ಮೀ. ಅದನ್ನು ನಲವತ್ತೈದರಿಂದ ಗುಣಿಸಿದರೆ 48,600. ತಡೆಯಬೇಡಿ, ಹಾಕಲಿ. ‘ಭೂಮಿ ಇಷ್ಟು ದಪ್ಪ ಹೇಗಾಯಿತು?’ ಎಂದು ಒಂದು ದಿನ ತಲೆ ಕೆರೆದುಕೊಳ್ಳಲಿ. ರಸ್ತೆ ಬಳಸಿಕೊಂಡು ಹೋಗಿದೆ ಎಂದು ಯಾರಾದರೊಬ್ಬರಿಗೆ ಹೊಳೆದೇ ಹೊಳೆಯುತ್ತದೆ. ಆಮೇಲೆ ಭಾರತದ ನಕ್ಷೆಯ ಮೇಲೆ ನಾಗಪುರದಿಂದ ನೇರ ದಕ್ಷಿಣಕ್ಕೆ, ಬೆಂಗಳೂರಿನ ಅಕ್ಷಾಂಶದವರೆಗೆ ಅಳೆದರೆ ಸುಮಾರು 910 ಕಿ.ಮೀ. ಅದರ ನಲವತ್ತೈದು ಪಟ್ಟು 40,950. ನಿಜವಾದ ಸುತ್ತಳತೆ ಸುಮಾರು 40,000 ಕಿ.ಮೀ. ಪಿವಿಸಿ ಪೈಪಿಗೆ ಇಷ್ಟು ಬಂದರೆ ಬಹಳವಾಯಿತು.

ಉತ್ತರ ಇದಕ್ಕಿಂತ ದೂರ ಹೋದರೆ ಕಾರಣ ಹುಡುಕಿಸಿ. ನೆರಳಿನಲ್ಲಿ ಒಂದು ಸೆಂ.ಮೀ. ತಪ್ಪಿದರೆ ಕೋನದಲ್ಲಿ ಸುಮಾರು 0.4 ಡಿಗ್ರಿ ತಪ್ಪುತ್ತದೆ. ನೆಲ ಇಳಿಜಾರಾಗಿದ್ದರೆ ಇನ್ನೂ ಕಷ್ಟ: ಉತ್ತರ–ದಕ್ಷಿಣ ದಿಕ್ಕಿಗೆ ಒಂದು ಮೀಟರಿಗೆ 1.7 ಸೆಂ.ಮೀ. ಇಳಿದಿದ್ದರೆ ನಾಗಪುರದ ಕೋನದಲ್ಲಿ ಅರ್ಧ ಡಿಗ್ರಿಯಷ್ಟು ಹೋಯಿತು, ಅಂದರೆ ಭೂಮಿಯ ಮೇಲೆ ಸುಮಾರು 50 ಕಿ.ಮೀ. ಡಾಬಾಗಳ ಅಂಗಳ ಮಳೆನೀರು ಹರಿಯಲೆಂದು ಇಳಿಜಾರಾಗಿಯೇ ಇರುತ್ತದೆ. ಗಾರೆ ಕೆಲಸದವರ ಚಿಕ್ಕ ರಸಮಟ್ಟವೊಂದು ಗಾಡಿಯಲ್ಲಿರಲಿ. ನಾಗಪುರಕ್ಕೆ ಮುನ್ನ ಶುಕ್ರವಾರ ಹೈದರಾಬಾದಿನಲ್ಲಿ ಒಮ್ಮೆ ತಾಲೀಮು ಮಾಡಿ (ಅಲ್ಲಿ ಸುಮಾರು 81 ಸೆಂ.ಮೀ.). ಬುಧವಾರ ಸಾಗರದ ಹತ್ತಿರ ನೆರಳು ಕೋಲಿನಷ್ಟೇ ಉದ್ದ ಬರುತ್ತದೆ. ದೇವರಿ ದಾಟಿ ಸಾಗರ ಸೇರುವ ಮುನ್ನ ಕರ್ಕಾಟಕ ಸಂಕ್ರಾಂತಿ ವೃತ್ತವನ್ನೂ ದಾಟಿರುತ್ತೀರಿ. ಫೋನಿನಲ್ಲಿ ಅಕ್ಷಾಂಶ 23 ಡಿಗ್ರಿ 26 ನಿಮಿಷ ತೋರಿಸಿದ ಕ್ಷಣದ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ, ಓಡಿಸುವವರಲ್ಲ, ಪಕ್ಕದಲ್ಲಿ ಕೂತವರು.

ನದಿ ಗುಂಪಿನ ಪಂಥ

ಮಾದರಿ ಪ್ರಶ್ನೆ ಒಂದೇ: ಉತ್ತರಕ್ಕೆ ಹೋಗುವ ಗಾಡಿಗೆ ನೀರು ಎಡಕ್ಕೆ ಹರಿಯುತ್ತದೋ, ಬಲಕ್ಕೋ? ನಂದಿಬೆಟ್ಟದ ಸೀಮೆಯಲ್ಲೇ ಹುಟ್ಟಿದ ಪೆನ್ನಾರ್ ಪಾಮಿಡಿಯಲ್ಲಿ ಸಿಗುತ್ತದೆ, ಬಹಳ ಸಲ ನೀರಿಗಿಂತ ಮರಳೇ ಜಾಸ್ತಿ. ಕರ್ನೂಲಿನಲ್ಲಿ ತುಂಗಭದ್ರೆ, ಬೀಚುಪಲ್ಲಿಯಲ್ಲಿ ಕೃಷ್ಣೆ, ನಿರ್ಮಲಕ್ಕೆ ಮುನ್ನ ಸೋನ್ ಬಳಿ ಗೋದಾವರಿ, ಮಹಾರಾಷ್ಟ್ರದ ಗಡಿಯಲ್ಲಿ ಪೈನಗಂಗಾ. ಎಲ್ಲ ಬಲಕ್ಕೆ. ಇಷ್ಟು ಹೊತ್ತಿಗೆ ಮಕ್ಕಳು ಕಣ್ಣು ಮುಚ್ಚಿಕೊಂಡು ‘ಬಲ’ ಎನ್ನುತ್ತಿರುತ್ತಾರೆ. ಆಗ ಬರ್ಮಾನ್ ಘಾಟಿನಲ್ಲಿ ನರ್ಮದೆ ಎಡಕ್ಕೆ ಹರಿಯುತ್ತದೆ. ಯಾಕೆಂದು ಒಂದು ಪೀರಿಯಡ್ ಪೂರ್ತಿ ಚರ್ಚೆಯಾಗಲಿ. ಮೊರೆನಾ–ಧೋಲ್ಪುರದ ನಡುವೆ ಚಂಬಲ್ ಮತ್ತೆ ಬಲಕ್ಕೆ. ಕೊನೆಯ ಪ್ರಶ್ನೆ ಸ್ವಲ್ಪ ಕಿತಾಪತಿಯದು: ಯಮುನೆಯನ್ನು ಎಲ್ಲಿ ದಾಟುತ್ತೇವೆ? ಆಗ್ರಾದಿಂದ ದೆಹಲಿಯವರೆಗೆ ಅದು ಪಕ್ಕದಲ್ಲೇ ಇದ್ದರೂ ಹೆದ್ದಾರಿ ಪಶ್ಚಿಮ ದಂಡೆಯಲ್ಲೇ ಸಾಗುತ್ತದೆ, ದಾಟುವುದೇ ಇಲ್ಲ.

ಸೇತುವೆಯ ಮೇಲೆ ಗಾಡಿ ನಿಲ್ಲಿಸಬೇಡಿ. ದಾಟಿದ ಮೇಲೆ ಊರಿನ ರಸ್ತೆಗೆ ಇಳಿದು ದಡದಿಂದ ವಿಡಿಯೋ ಮಾಡಿ, ಎಲೆಯೊಂದನ್ನು ನೀರಿಗೆ ಬಿಟ್ಟರೆ ಹರಿವಿನ ದಿಕ್ಕು ಕಾಣುತ್ತದೆ. ನಾಗಪುರ–ಸಿವನಿ ನಡುವಿನ ಪೆಂಚ್ ಕಾಡಿನಲ್ಲಿ, ಪ್ರಾಣಿಗಳು ಅಡಿಯಲ್ಲಿ ಹಾದುಹೋಗಲೆಂದೇ ರಸ್ತೆಯನ್ನು ಎತ್ತರಿಸಿರುವ ಜಾಗಗಳಲ್ಲೂ ಇದೇ ಮಾತು. ಅಲ್ಲಿ ನಿಲ್ಲದೆ, ಪಕ್ಕದಲ್ಲಿ ಕೂತವರು ಎಣಿಸಿ ಹೇಳಿದರೆ ಸಾಕು.

ಅಂಚೆ ಕಾರ್ಡು, ಪಿನ್ ಕೋಡು

50 ಪೈಸೆಯ ಅಂಚೆ ಕಾರ್ಡು ಹದಿನೈದು ಕೊಂಡು, ಶಾಲೆಯ ವಿಳಾಸವನ್ನು ಮಕ್ಕಳಿಂದಲೇ ಬರೆಸಿಕೊಂಡು ಹೊರಡಿ. ಬೆಂಗಳೂರಿನ ಅಂಚೆ ಕಚೇರಿಯಲ್ಲೇ ತೆಗೆದುಕೊಳ್ಳಿ. ದಾರಿಯಲ್ಲಿ ಕೇಳಿದ ಕಡೆಯೆಲ್ಲ ಸಿಗುವುದಿಲ್ಲ. ಪ್ರತಿ ಊರಿನಿಂದ ಒಂದು ಕಾರ್ಡು, ಮೇಲೆ ಕ್ರಮಸಂಖ್ಯೆ. ಊರಿನ ಹೆಸರು ಬರೆಯಬೇಡಿ, ಪಿನ್ ಕೋಡು ಮಾತ್ರ ಬರೆಯಿರಿ. 1972ರ ಆಗಸ್ಟ್ 15ರಂದು ಬಂದ ಈ ಆರಂಕಿಯ ಮೊದಲ ಅಂಕಿ ದೇಶದ ಭಾಗವನ್ನು ಹೇಳುತ್ತದೆ. ಬೆಂಗಳೂರು, ಕರ್ನೂಲು, ಹೈದರಾಬಾದ್ ಮೂರೂ 5, ನಾಗಪುರ, ಸಿವನಿ, ಸಾಗರ 4, ಝಾನ್ಸಿ 2, ಗ್ವಾಲಿಯರ್ ಮತ್ತೆ 4, ಧೋಲ್ಪುರ 3, ಆಗ್ರಾ 2, ದೆಹಲಿ 1. ನಾಲ್ಕು ಎರಡಾಗಿ, ಮತ್ತೆ ನಾಲ್ಕಾದದ್ದು ಯಾಕೆ? ನಕ್ಷೆಯಲ್ಲಿ ಉತ್ತರ ಪ್ರದೇಶದ ಲಲಿತಪುರ–ಝಾನ್ಸಿ ಭಾಗ ಮಧ್ಯಪ್ರದೇಶದೊಳಕ್ಕೆ ನಾಲಿಗೆ ಚಾಚಿರುವುದನ್ನು ಮಕ್ಕಳು ಆಗ ಗಮನಿಸುತ್ತಾರೆ.

ಕಾರ್ಡನ್ನು ಕೆಂಪು ಡಬ್ಬಿಗೆ ಹಾಕುವ ಬದಲು ಕೌಂಟರಿನಲ್ಲಿ ಕೊಟ್ಟು, ಮುದ್ರೆ ಸ್ವಲ್ಪ ಸ್ಪಷ್ಟವಾಗಿ ಒತ್ತಲು ಕೇಳಿಕೊಳ್ಳಿ, ಶಾಲೆಯ ಮಕ್ಕಳಿಗೆಂದರೆ ಯಾರೂ ಇಲ್ಲವೆನ್ನರು. ಕಾರ್ಡುಗಳು ಕ್ರಮವಾಗಿ ಬರುವುದಿಲ್ಲ, ಕೆಲವು ನೀವು ವಾಪಸಾದ ಮೇಲೆ ಬರುತ್ತವೆ. ಅದನ್ನೇ ಲೆಕ್ಕವಾಗಿಸಿ: ಮುದ್ರೆಯ ದಿನಾಂಕ, ಮುಟ್ಟಿದ ದಿನಾಂಕ, ನಡುವಿನ ದಿನಗಳನ್ನು ದೂರದೊಂದಿಗೆ ಹೋಲಿಸಲಿ.

ಲೆಕ್ಕ ಗುಂಪಿಗೆ ಫಾಸ್ಟ್ಯಾಗ್ ಸಂದೇಶಗಳೇ ಸಾಕು. 2025ರಲ್ಲಿ ಶುರುವಾದಾಗ ವಾರ್ಷಿಕ ಪಾಸ್ 3,000 ರೂಪಾಯಿಗೆ 200 ದಾಟುವಿಕೆಯದಾಗಿತ್ತು, ಒಂದಕ್ಕೆ ಹದಿನೈದು ರೂಪಾಯಿ. ಪಾಸ್ ಇಲ್ಲದಿದ್ದರೆ ಎಷ್ಟಾಗುತ್ತಿತ್ತೆಂದು ಅವರೇ ಕೂಡಿಸಲಿ. ಲಿಪಿ ಗುಂಪಿಗೆ ದಿನಕ್ಕೊಂದು ಅಂಗಡಿ ಬೋರ್ಡಿನ ಫೋಟೋ. ಕನ್ನಡ ಬಲ್ಲ ಮಗು ತೆಲುಗು ಬೋರ್ಡನ್ನು ಅರ್ಧಕ್ಕರ್ಧ ಓದಿಬಿಡುತ್ತದೆ.

ಕರೆ ಮತ್ತು ದನಿ

ವಾರಕ್ಕೆ ಎರಡೇ ವಿಡಿಯೋ ಕರೆ, ತಲಾ ಹದಿನೈದು ನಿಮಿಷ. ಹೆಚ್ಚು ಕೆಡುವುದು ಚಿತ್ರವಲ್ಲ, ದನಿ. ನಲವತ್ತು ಮಕ್ಕಳ ಕೋಣೆಯಲ್ಲಿ ದನಿ ಮಾರ್ದನಿಸುತ್ತದೆ, ನಿಮ್ಮ ಕಡೆ ಲಾರಿ ಮತ್ತು ಗಾಳಿ. ತಂತಿಯ ಇಯರ್‌ಫೋನ್ ಹಾಕಿಕೊಂಡು, ನಿಂತ ಗಾಡಿಯೊಳಗೆ ಕಿಟಕಿ ಏರಿಸಿ ಮಾತಾಡಿ. ಶಾಲೆಯಲ್ಲಿ ಸ್ಪೀಕರ್ ಮುಂದಿರಲಿ, ಪ್ರಶ್ನೆ ಕೇಳುವವರು ಫೋನಿನ ಹತ್ತಿರ ಬಂದು ಕೇಳಲಿ. ಶಾಲೆಯ ಇಂಟರ್ನೆಟ್ ಅಂದು ಕೈಕೊಡುತ್ತದೆಂದೇ ಲೆಕ್ಕ ಹಾಕಿ ಟೀಚರ ಮೊಬೈಲಿನ ಹಾಟ್‌ಸ್ಪಾಟ್ ಸಿದ್ಧವಿರಲಿ. ಉಳಿದ ದಿನಗಳಿಗೆ ಎರಡು ನಿಮಿಷದ ಧ್ವನಿ ಸಂದೇಶ: ಗೋಲ್ಕೊಂಡ ಕೋಟೆಯ ಬಾಗಿಲಾದ ಫತೇ ದರ್ವಾಜಾದಲ್ಲಿ ಒಬ್ಬರು ಚಪ್ಪಾಳೆ ತಟ್ಟಿದ್ದನ್ನು ಮೇಲಿನ ಬಾಲಾ ಹಿಸಾರ್‌ನಲ್ಲಿ ಇನ್ನೊಬ್ಬರು ಮುದ್ರಿಸಿಕೊಂಡರೆ, ಅದು ನೂರು ಫೋಟೋಗೆ ಸಮ.

ಮಕ್ಕಳ ಮುಖ, ಹೆಸರು, ಶಾಲೆಯ ಸಮವಸ್ತ್ರ ಕಾಣುವ ಯಾವುದನ್ನೂ ಸಾಮಾಜಿಕ ಜಾಲತಾಣಕ್ಕೆ ಹಾಕಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರನ್ನೆಲ್ಲ ಮಕ್ಕಳೆಂದೇ ಕಾಣುತ್ತದೆ, ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. ಒಪ್ಪಿಗೆಯ ಚೀಟಿ ಕನ್ನಡದಲ್ಲಿರಲಿ, ಅರ್ಧ ಪುಟ ಮೀರದಿರಲಿ. ನೀವು ತಂಗಿರುವ ಜಾಗವನ್ನೂ ಆ ಊರು ಬಿಟ್ಟ ಮೇಲಷ್ಟೇ ಹೇಳಿ.

ವಾಪಸ್ ಬಂದ ಮೇಲೆ

ದಾರಿಯಲ್ಲಿ ಐದು ಕಡೆ ಒಂದೊಂದು ಹಿಡಿ ಮಣ್ಣು ತುಂಬಿಕೊಂಡಿರಿ: ಅನಂತಪುರ, ಆದಿಲಾಬಾದ್, ಝಾನ್ಸಿ, ಚಂಬಲ್ ಕಣಿವೆಯ ಮೊರೆನಾ, ಮಥುರಾ. ಹೊಲದ್ದಾದರೆ ರೈತರನ್ನು ಕೇಳಿ, ಕಾಡಿನದ್ದಾದರೆ ಬೇಡವೇ ಬೇಡ. ಶಾಲೆಗೆ ಹೋದ ದಿನ ಐದು ಗಾಜಿನ ಜಾಡಿಗೆ ಮೂರರಲ್ಲೊಂದು ಪಾಲು ಮಣ್ಣು ಹಾಕಿ, ನೀರು ತುಂಬಿ, ಮಕ್ಕಳಿಂದ ಚೆನ್ನಾಗಿ ಅಲುಗಾಡಿಸಿ ಕಿಟಕಿಯ ಕಟ್ಟೆಯ ಮೇಲಿಡಿಸಿ. ಮರಳು ಒಂದೆರಡು ನಿಮಿಷದಲ್ಲಿ ತಳ ಸೇರುತ್ತದೆ, ಅದರ ಮೇಲೆ ಗೋಡು ಕೂರಲು ಗಂಟೆಗಳು ಬೇಕು, ಜೇಡಿಗೆ ದಿನಗಳೇ ಬೇಕು. ಪದರ ಕಂಡಂತೆಲ್ಲ ಜಾಡಿಯ ಮೇಲೆ ಸ್ಕೆಚ್ ಪೆನ್ನಿನ ಗೆರೆ ಎಳೆದು ಹೊತ್ತು ಬರೆಯಲಿ. ಮರುದಿನ ಬೆಳಿಗ್ಗೆ ಬಂದು ನೋಡುವಾಗ ಅನಂತಪುರದ ಕೆಂಪು ಮಣ್ಣಿನ ನೀರು ಬಹುಮಟ್ಟಿಗೆ ತಿಳಿಯಾಗಿರುತ್ತದೆ, ಆದಿಲಾಬಾದಿನ ಎರೆಮಣ್ಣಿನ ಜಾಡಿ ಮಾತ್ರ ಇನ್ನೂ ಕದಡಿಕೊಂಡೇ ಕೂತಿರುತ್ತದೆ.